ಒಣ ಕೀಲು

ದಾಂಡೇಲಿ ಪೇಟೆಯಲ್ಲಿ ಒಂದು ಕಿಲೋ ಗ್ರೀಸಿಗೆ ನಾನೂರು ರೂಪಾಯಿ. ಹೊಲಿಗೆ ಯಂತ್ರದ ಎಣ್ಣೆಯ ಸಣ್ಣ ಶೀಶೆಗೆ ಮೂವತ್ತು. ಲಾರಿಯ ಇಂಜಿನ್ನಿನಿಂದ ಇಳಿಸಿದ ಸುಟ್ಟ ಎಣ್ಣೆ ಪುಕ್ಕಟೆ; ಡಬ್ಬಿ ಮಾತ್ರ ನಾವೇ ಒಯ್ಯಬೇಕು. ಹಳಿಯಾಳ ರಸ್ತೆಯ ಮೇಲಿರುವ ದುರ್ಗಪ್ಪನ ವರ್ಕ್‌ಶಾಪು ಹುಟ್ಟಿದಾಗಿನಿಂದ ಈ ಮೂರರ ಮೇಲೆಯೇ ನಡೆದಿತ್ತು. ಕಬ್ಬಿನ ಟ್ರೇಲರಿನ ಗಾಲಿ ಬರಲಿ, ಕಟ್ಟಿಗೆ ಕೊಯ್ಯುವ ಗರಗಸದ ಬೇರಿಂಗು ಬರಲಿ, ಸೀಮೆಎಣ್ಣೆಯಲ್ಲಿ ತೊಳೆ, ಒರೆಸು, ಗ್ರೀಸು ತುಂಬು, ಕಳಿಸು.

ಆ ವರ್ಷ ಅಲ್ಲಿಗೆ ಬೆರಳುದ್ದದ ಎಂಟು ಕೀಲುಗಳ ಕೆಲಸ ಬಂತು. ಪ್ರತಿ ಕೀಲಿನ ನಡುವಿನ ಪಿನ್ನಿಗೆ ಬೆಂಗಳೂರಿನಲ್ಲಿ ಕಪ್ಪು ಲೇಪ ಹಚ್ಚಿಸಿ ತರಿಸಿದ್ದರು. ತಲೆಗೂದಲನ್ನು ಹತ್ತು ಸೀಳು ಮಾಡಿದರೆ ಒಂದು ಸೀಳಿನಷ್ಟೂ ದಪ್ಪವಿಲ್ಲದ ಲೇಪ. ಪಿನ್ನೊಂದಕ್ಕೆ ಹನ್ನೊಂದು ಸಾವಿರ. ಈ ಕೆಲಸ ತಂದವನು ದುರ್ಗಪ್ಪನ ಅಳಿಯ ಶಿವಯೋಗಿ. ಬೆಲೆ ಕೇಳಿ ನಕ್ಕವನು ದುರ್ಗಪ್ಪನ ಮಗ ಗೂಳಪ್ಪ.

“ಎಂಟ ಪಿನ್ನಿನ ರೊಕ್ಕದಾಗ ಒಂದ ಚಲೋ ಎಮ್ಮಿ ಬರತಿತ್ತಲ್ಲೋ ಅಳಿಯಪ್ಪ! ಎಮ್ಮಿ ಆಗಿದ್ರ ಹಾಲರ ಕೊಡತಿತ್ತು.”

ಅಕ್ಕನ ಗಂಡನನ್ನು ಮಾಮಾ ಎಂದು ಕರೆಯಬೇಕಾದವನು ಗೂಳಪ್ಪ. ಆದರೆ ಶಿವಯೋಗಿ ಬೆಳಗಾವಿಯಲ್ಲಿ ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿ, ಹೆಂಡತಿ ನಿರ್ಮಲಾಳ ಜೊತೆ ಮಾವನ ಮನೆಗೆ ಬಂದು ನಿಂತ ದಿನದಿಂದ ಆ ಮಾತು ನಿಂತುಹೋಗಿತ್ತು. ಎದುರಿಗೆ ಅಳಿಯಪ್ಪ, ಹಿಂದಿನಿಂದ ಮನಿ ಅಳಿಯ. ಶಿವಯೋಗಿ ಕೇಳಿಯೂ ಕೇಳದವನಂತೆ ಇರುತ್ತಿದ್ದ. ಈ ಎಂಟು ಕೀಲು ಪಾಸಾದರೆ ಬೆಂಗಳೂರಿನ ಕಂಪನಿ ವರ್ಷವಿಡೀ ಕೆಲಸ ಕೊಡುವುದಾಗಿ ಹೇಳಿತ್ತು. ಆಮೇಲೆ ಅವನು ಆ ಮನೆಯಲ್ಲಿ ಉಣ್ಣುವ ರೊಟ್ಟಿ ಅವನದೇ ಆಗುತ್ತಿತ್ತು. ಅವನಿಗೆ ಬೇಕಾದದ್ದು ಅಷ್ಟೇ.

ಕೀಲುಗಳು ಹೋಗಬೇಕಾದದ್ದು ಆಕಾಶಕ್ಕೆ. ಫ್ರಿಜ್ಜಿನಷ್ಟು ದೊಡ್ಡ ಉಪಗ್ರಹ. ಬಿಸಿಲಿನಿಂದ ಕರೆಂಟು ಮಾಡುವ ಅದರ ರೆಕ್ಕೆಗಳು ಈ ಕೀಲುಗಳ ಮೇಲೆ ಐದು ವರ್ಷ ಸೂರ್ಯನ ಕಡೆ ಹೊರಳುತ್ತಲೇ ಇರಬೇಕು. ಕೀಲಿನ ಮೈಯನ್ನು ಲೇಥಿನ ಮೇಲೆ ಕಡೆದವನು ಗೂಳಪ್ಪನೇ. ಬೈಯುತ್ತಲೇ ಕಡೆದ, ಆದರೆ ಅಳತೆಯಲ್ಲಿ ಕೂದಲಷ್ಟೂ ತಪ್ಪಲಿಲ್ಲ. ಅವನ ಕೈ ಹಾಗೆ ಎರಡೂ ಕಡೆ ಗಟ್ಟಿ. ಅದೇ ಕೈಯಿಂದ ಒಮ್ಮೆ ಒಬ್ಬ ಟಿಂಬರ್ ಲಾರಿ ಡ್ರೈವರನ ದವಡೆ ಮುರಿದು ಪೊಲೀಸ್ ಠಾಣೆಯಲ್ಲಿ ಕೂತು ಬಂದಿದ್ದ.

“ಎಣ್ಣಿ ಇಲ್ದ ತಿರಗೋ ಕಬ್ಬಿಣಾ ನಾ ಹುಟ್ಟಿ ನೋಡಿಲ್ಲ,” ಎಂದ ಗೂಳಪ್ಪ.

“ಮ್ಯಾಲ ಗಾಳಿ ಇಲ್ಲೋ ಗೂಳಪ್ಪ. ಅಲ್ಲಿ ಎಣ್ಣಿ ನಿಲ್ಲೂದಿಲ್ಲ, ಆರಿ ಹಾರಿ ಹೋಗ್ತೈತಿ. ಹೋಗಿ ಸುಮ್ನ ಇರೂದಿಲ್ಲ, ಕ್ಯಾಮರಾದ ಕಣ್ಣಿನ ಮ್ಯಾಲ ಕುಂದರ್ತೈತಿ.”

“ಹಂಗಾರ ಬರೇ ಕಬ್ಬಿಣಾನ ಬಿಡು.”

“ಬಿಟ್ರ ಕಬ್ಬಿಣಾ ಕಬ್ಬಿಣಾ ಬೆಸಗಿ ಹಾಕಿದಂಗ ಕೂಡಿಬಿಡ್ತಾವ. ಅದಕ್ಕ ನಡುವ ಈ ಕರೀದು. ಒಣಾ ಇರತೈತಿ, ಆದ್ರ ಎಣ್ಣಿಗಿಂತ ನುಣುಪು. ಬೆರಳ ತಾಕಿಸಿದ್ರೂ ಕೆಡತೈತಿ.”

ಈ ಬೆರಳಿನ ಮಾತೇ ಮೊದಲ ರಕ್ತಕ್ಕೆ ಕಾರಣವಾಯಿತು. ಶಿವಯೋಗಿ ಶಾಪಿನ ಮೂಲೆಯಲ್ಲಿ ಗಾಜಿನ ಸಣ್ಣ ಕೋಣೆ ಕಟ್ಟಿಸಿ, ಚಪ್ಪಲಿ ಕಳೆದು ಕೈಗವಸು ಹಾಕಿಕೊಳ್ಳದೆ ಯಾರೂ ಒಳಗೆ ಬರಬಾರದು ಎಂದ. ಗೂಳಪ್ಪ ಬಾಗಿಲಲ್ಲಿ ನಿಂತು ಅವನನ್ನು ಮೇಲಿನಿಂದ ಕೆಳಗೆ ನೋಡಿದ.

“ನಮ್ಮಪ್ಪನ ಜಾಗಾದಾಗ ನಾ ಚಪ್ಪಲಿ ಕಳದು ಬರಬೇಕ? ಗುಡಿ ಏನಲೇ ಇದು?”

ಹೇಳಿದವನೇ ಕೈಯಲ್ಲಿದ್ದ, ನಟ್ಟು ಬಿಚ್ಚುವ ಪಾನಾ ಬೀಸಿ ಒಗೆದ. ಗಾಜು ಚೂರುಚೂರಾಯಿತು. ಒಂದು ಚೂರು ಶಿವಯೋಗಿಯ ಹುಬ್ಬಿಗೆ ಹೊಕ್ಕು, ರಕ್ತ ಕಣ್ಣಿಗೆ ಇಳಿದು, ಅವನು ಕುರುಡನಂತೆ ಗೋಡೆ ಹಿಡಿದು ನಿಂತ.

“ಒಂದಿನಾ ನಿನ್ನ ಒಣಾ ಪಿನ್ನಿಗೆಲ್ಲಾ ಡಬ್ಬಿ ಗ್ರೀಸ್ ಮೆತ್ತಿ ಇಡತೇನಿ,” ಎಂದ ಗೂಳಪ್ಪ. “ನೋಡಕೊಂತ ಇರು.”

ಇದನ್ನು ಕೆಲಸದವರು ಕೇಳಿದರು, ನಿರ್ಮಲಾ ಕೇಳಿದಳು, ಪಕ್ಕದ ಗ್ಯಾರೇಜಿನ ಅಮೀರಸಾಬ ಕೇಳಿದ. ದುರ್ಗಪ್ಪ ಕೇಳಲಿಲ್ಲ. ಕಾಗದ ಮಿಲ್ಲಿನಲ್ಲಿ ಫಿಟ್ಟರಾಗಿದ್ದಾಗ ಯಂತ್ರಗಳ ಸದ್ದು ಅವನ ಕಿವಿಯನ್ನು ಮುಕ್ಕಾಲು ತಿಂದಿತ್ತು. ಗಾಜು ಒಡೆದದ್ದು ಕಂಡಿತು, ಅಳಿಯನ ಹುಬ್ಬಿನ ಹೊಲಿಗೆ ಕಂಡಿತು. ಲೇಪದ ವಿಷಯವನ್ನು ಯಾರೂ ಅವನ ಕಿವಿಯ ಹತ್ತಿರ ಹೋಗಿ ಕೂಗಿ ಹೇಳಿರಲಿಲ್ಲ. ನಿರ್ಮಲಾ ಒಡೆದ ಗಾಜಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟಿದಳು. ಕೆಲಸ ಮುಂದುವರಿಯಿತು.

ಎಂಟೂ ಕೀಲು ಜೋಡಿಸಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಮರುದಿನವೇ ಖಂಡೇಪೂಜೆ.

ಆ ದಿನ ನಮ್ಮ ಕಡೆ ಮನೆಯಲ್ಲಿರುವ ಕಬ್ಬಿಣವೆಲ್ಲ ಸ್ನಾನ ಮಾಡುತ್ತದೆ. ಕುಡಗೋಲಿನಿಂದ ಹಿಡಿದು ಲೇಥಿನ ತನಕ ತೊಳೆದು, ತಿಕ್ಕಿ, ಎಣ್ಣೆ ಸವರಿ, ಕುಂಕುಮ ಇಟ್ಟು ಪೂಜೆ. ದುರ್ಗಪ್ಪ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಶಾಪಿನಲ್ಲಿ ಒಂದು ಮೊಳೆಯೂ ಒಣಗಿ ಉಳಿಯಬಾರದು. ಬೀಗದ ಕೈಗಳೂ ಕಬ್ಬಿಣವೇ ಅಲ್ಲವೇ, ಅವೂ ದೇವಿಯ ಮುಂದಿನ ಹರಿವಾಣಕ್ಕೆ ಬಂದವು. ಶಿವಯೋಗಿಯ ಪೆಟ್ಟಿಗೆಯ ಕೀಲಿಕೈಯನ್ನು ಹಿಂದಿನ ರಾತ್ರಿ ನಿರ್ಮಲಾಳೇ ತಂದಿಟ್ಟಿದ್ದಳು.

ಬೆಳಗಿನ ಜಾವ ಎಲ್ಲರಿಗಿಂತ ಮೊದಲು ಎದ್ದ ದುರ್ಗಪ್ಪ ಆ ಕೀಲಿಕೈ ತೆಗೆದುಕೊಂಡು ಪೆಟ್ಟಿಗೆ ತೆರೆದ. ಒಳಗೆ ನೋಡಿ ಅವನಿಗೆ ಕಸಿವಿಸಿಯಾಯಿತು. ಗೂಳಪ್ಪ ಕಡೆದ ಮೈ ಕನ್ನಡಿಯಂತಿದೆ, ಒಳಗಿನ ಪಿನ್ನು ಮಾತ್ರ ಒಲೆಯ ಮಸಿ ಮೆತ್ತಿದಂತೆ ಕಪ್ಪು, ಮೇಲೆ ಒಣ. ಪಾಪ, ಅಳಿಯ ತೊಳೆಯುವುದನ್ನು ಮರೆತಿದ್ದಾನೆ, ಗೂಳಪ್ಪನ ಕಣ್ಣಿಗೆ ಬಿದ್ದರೆ ಮತ್ತೆ ಪಾನಾ ಹಾರುತ್ತದೆ ಎಂದುಕೊಂಡ. ಒಂದೊಂದೇ ಪಿನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸಿ, ನಯವಾದ ಪಾಲಿಶ್ ಕಾಗದದಿಂದ ಬೆಳ್ಳಿಯಂತೆ ಹೊಳೆಯುವವರೆಗೂ ತಿಕ್ಕಿದ. ಗ್ರೀಸು ಬೇಡ, ಸೂಕ್ಷ್ಮ ಕೆಲಸ ಎಂದು ಹೊಲಿಗೆ ಯಂತ್ರದ ಎಣ್ಣೆಯನ್ನೇ ಹಾಕಿದ. ಮೊದಲಿದ್ದ ಹಾಗೆ ಜೋಡಿಸಿ, ಪೆಟ್ಟಿಗೆಯ ಮುಚ್ಚಳಕ್ಕೆ ಕುಂಕುಮ ಇಟ್ಟು, ಕೀಲಿಕೈ ಹರಿವಾಣಕ್ಕೆ ಹಾಕಿ ಜಳಕಕ್ಕೆ ಹೋದ. ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನ ಅವನಿಗೆ. ಅಳಿಯನ ಮರ್ಯಾದೆಯ ವಿಷಯ ಎಂದು ಯಾರಿಗೂ ಹೇಳಲಿಲ್ಲ.

ಮರುದಿನ ದಶಮಿ. ದುರ್ಗಪ್ಪ ಅಕ್ಕನಿಗೆ ಬನ್ನಿ ಕೊಡಲು ತೇರಗಾಂವಕ್ಕೆ ಬಸ್ಸು ಹತ್ತಿದ. ಊಟದ ಹೊತ್ತಿಗೆ ಶಿವಯೋಗಿ ಪಾರ್ಸೆಲ್ ಕಟ್ಟೋಣವೆಂದು ಪೆಟ್ಟಿಗೆ ತೆರೆದ.

ಎಣ್ಣೆಯ ವಾಸನೆ ಮೊದಲು ಬಂತು. ಆಮೇಲೆ ಹೊಳಪು ಕಂಡಿತು. ಅವನು ಒಂದು ಕೀಲನ್ನು ಎತ್ತಿ ಬೆಳಕಿಗೆ ಹಿಡಿದ, ಇನ್ನೊಂದನ್ನು ಎತ್ತಿದ, ಎಂಟನ್ನೂ ಎತ್ತಿದ. ಹೊರಗೆ ಗೂಳಪ್ಪ ಹೊಸ ಅಂಗಿ ತೊಟ್ಟು, ಅಮೀರಸಾಬನ ಕೈಗೆ ಬನ್ನಿ ಎಲೆ ಕೊಡುತ್ತಿದ್ದ.

“ಬನ್ನಿ ತಗೊಂಡು ಬಂಗಾರದಂಗ ಇರೂಣು ಚಾಚಾ.”

“ಇರೂಣು ಬೇಟಾ. ಬರೇ ಎಲಿ ಕೊಟ್ಟ ಬಂಗಾರಾ ಅಂತೀ, ಒಮ್ಮೆರ ಖರೇನ ಬಂಗಾರಾ ಕೊಡೋ.”

ಗೂಳಪ್ಪ ನಗುತ್ತ ತಿರುಗಿದ. ತಿರುಗಿದ್ದಕ್ಕೇ ತಲೆ ಉಳಿಯಿತು. ಶಿವಯೋಗಿ ಬೀಸಿದ, ಪಾನಾದ ಹಿಡಿಗೆ ಸಿಕ್ಕಿಸುವ ಕಬ್ಬಿಣದ ಪೈಪು ಅವನ ಕಿವಿ ಸವರಿ ಹೆಗಲಿಗೆ ಬಿತ್ತು. ಮರುಹೊಡೆತ ತಡೆಯಲು ಬಲಗೈ ಎತ್ತಿದ. ಪೈಪು ಮುಂಗೈಗೆ ಬಿತ್ತು. ಹಸಿ ಟೊಂಗೆ ಮುರಿದ ಸದ್ದು ರಸ್ತೆಯವರೆಗೂ ಕೇಳಿಸಿತು.

“ತೊಳದಿ ಅಲ್ಲಾ? ಹೇಳಿದಂಗ ಮಾಡಿದಿ ಅಲ್ಲಾ ಮಗನ!” ಶಿವಯೋಗಿಯ ಬಾಯಿಂದ ಜೊಲ್ಲು ಹಾರುತ್ತಿತ್ತು.

“ಏನ ತೊಳದೆ? ಲೇ, ಹುಚ್ಚ ಹಿಡೀತೇನಲೇ?”

ಜಗಳ ಆಡಿ ರೂಢಿ ಇಲ್ಲದವನ ಹೊಡೆತ ಬಹಳ ಕೆಟ್ಟದ್ದು. ರೂಢಿ ಇದ್ದವನಿಗೆ ಎಲ್ಲಿ ಹೊಡೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಗೊತ್ತಿರುತ್ತದೆ. ಶಿವಯೋಗಿ ಕಣ್ಣು ಮುಚ್ಚಿ ಬೀಸುತ್ತಿದ್ದ. ಮೊಣಕಾಲಿಗೆ ಬಿತ್ತು, ತೊಡೆಗೆ ಬಿತ್ತು, ಕಂಬಕ್ಕೆ ಬಿದ್ದು ಕಿಡಿ ಹಾರಿತು. ಗೂಳಪ್ಪ ತಲೆ ತಗ್ಗಿಸಿ ಹೊಟ್ಟೆಗೆ ಗುದ್ದಿ ಅವನನ್ನು ಡ್ರಿಲ್ಲಿಂಗ್ ಮಶೀನಿನ ಕಡೆ ನೂಕಿಕೊಂಡು ಹೋದ. ಮುರಿದ ಬಲಗೈ ಬೇರೆಯವರ ಕೈಯಂತೆ ಜೋತಾಡುತ್ತಿತ್ತು. ಎಡಗೈಯಿಂದ ಶಿವಯೋಗಿಯ ಕುತ್ತಿಗೆ ಹಿಡಿದು ಅವನ ಮುಖವನ್ನು ಮಶೀನಿನ ಕಬ್ಬಿಣದ ಮೇಜಿಗೆ ಅಪ್ಪಳಿಸಿದ. ಒಮ್ಮೆ, ಮತ್ತೊಮ್ಮೆ. ನಿನ್ನೆ ಆ ಮೇಜಿಗೆ ಸವರಿದ ಎಣ್ಣೆಯ ಮೇಲೆ ರಕ್ತ ನಿಲ್ಲದೆ ಜಾರಿ ಇಳಿಯಿತು. ಒಂದು ಹಲ್ಲು ನೆಲದ ಮೇಲೆ ಟಕ್ ಎಂದಿತು.

“ಏ ಶೈತಾನಗಳಿರಾ!” ಅಮೀರಸಾಬ ಇಬ್ಬರ ನಡುವೆ ನುಗ್ಗಿದ. “ಬಂಗಾರಾ ಹಂಚೂ ದಿನಾ ರಕ್ತಾ ಹಂಚಾಕತ್ತೀರಿ? ಬಿಡಲೇ! ಸಾಯ್ತಾನ ಅಂವ!”

ಅವನಿಗೂ ಒಂದು ಮೊಣಕೈ ಬಿದ್ದು ತುಟಿ ಒಡೆಯಿತು. ಒಳಗಿನಿಂದ ಓಡಿಬಂದ ನಿರ್ಮಲಾ ತಮ್ಮನ ಕೂದಲು ಹಿಡಿದು ಎಳೆದಳು. ಅವನು ಬಿಡಲಿಲ್ಲ. ಕೊನೆಗೆ ಅವಳು ಅವನ ಮುರಿದ ಕೈಯನ್ನೇ ಹಿಡಿದು ತಿರುವಿದಳು. ಗೂಳಪ್ಪ ಗೂಳಿಯಂತೆ ಒದರಿ ಕೆಳಗೆ ಕೂತ.

ಅದೇ ಹೊತ್ತಿಗೆ ದುರ್ಗಪ್ಪ ತೇರಗಾಂವದಿಂದ ಬಂದು ಬಾಗಿಲಲ್ಲಿ ನಿಂತಿದ್ದ, ಬಗಲಲ್ಲಿ ಅಕ್ಕ ಕಟ್ಟಿಕೊಟ್ಟ ಹೋಳಿಗೆಯ ಗಂಟು. ನಿರ್ಮಲಾ ಅವನ ಕಿವಿಗೆ ಬಾಯಿ ಇಟ್ಟು ಕೂಗಿದಳು, “ಅಪ್ಪಾ, ಇವರ ಕೀಲು ಯಾರೋ ತೊಳದಾರ! ಎಲ್ಲಾ ಕೆಟ್ಟೇತಿ! ಗೂಳಪ್ಪನ ಮಾಡ್ಯಾನಂತ ಹೊಡದಾಡ್ಯಾರ!”

ದುರ್ಗಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ.

“ನಾ ತೊಳದೇನಿ,” ಎಂದ. “ಖಂಡೇಪೂಜಿಗೆ. ಚಲೋ ತಿಕ್ಕೇನಲ್ಲಾ?”

ಗೂಳಪ್ಪ ನೆಲದ ಮೇಲೆ ಕೂತಲ್ಲೇ ನಗಲು ಹೋಗಿ, ನೋವಿಗೆ ಅತ್ತ. “ಕೇಳಿದೇನೋ ಮನಿ ಅಳಿಯಾ? ಕೇಳಿದಿ? ಯಾರ ಕೈ ಮುರದಿ ನೋಡ.”

ಶಿವಯೋಗಿ ಕೇಳಿದ. ಪೈಪು ಇನ್ನೂ ಅವನ ಕಾಲ ಬಳಿ ಬಿದ್ದಿತ್ತು. ಅದನ್ನು ಎತ್ತಿ ಗೂಳಪ್ಪನ ಮುಂದೆ ಇಟ್ಟು, “ಹೊಡಿ,” ಎಂದ. ಅಮೀರಸಾಬ ಪೈಪನ್ನು ಕಾಲಿನಿಂದ ಒದ್ದು ದೂರ ಮಾಡಿದ. “ನಿಮ್ಮಿಬ್ಬರ ನಾಟಕಾ ಆಮ್ಯಾಲ. ಮೊದಲ ದವಾಖಾನಿಗೆ ಹೋಗೂಣು, ನಡಿ ಗೂಳಪ್ಪಾ.” ಗೂಳಪ್ಪನನ್ನು ತನ್ನ ವ್ಯಾನಿಗೆ ಹತ್ತಿಸಿ, ಒಡೆದ ತುಟಿಯಲ್ಲೇ ಬೈಯುತ್ತ ಕರೆದೊಯ್ದ.

ಶಿವಯೋಗಿ ಮುಖ ತೊಳೆದು, ಬಾಯಿಗೆ ಬಟ್ಟೆ ಒತ್ತಿಕೊಂಡು ಬೆಂಗಳೂರಿಗೆ ಫೋನು ಹಚ್ಚಿದ. ಹಬ್ಬದ ದಿನ, ಯಾರೂ ಎತ್ತಲಿಲ್ಲ. ಅವನು ಹೋಗಿ ಗೋಡೆಗೆ ಒರಗಿ ಮಲಗಿಬಿಟ್ಟ.

ಕಣ್ಣು ಬಿಟ್ಟಾಗ ಬಿಸಿಲು ಇಳಿಯುತ್ತಿತ್ತು. ಬೆಂಚಿನ ಮೇಲೆ ಎಂಟು ಕೀಲು ಸಾಲಾಗಿ ಇದ್ದವು, ಎಂಟರ ಪಿನ್ನೂ ಕಪ್ಪು. ಮುಂದೆ ದುರ್ಗಪ್ಪ, ಬೆರಳೆಲ್ಲ ಮಸಿ. ಮಿಲ್ಲಿನ ಕಾಲದ ಗ್ರಾಫೈಟ್ ಪುಡಿಯ ಡಬ್ಬಿ ಹುಡುಕಿ ತೆಗೆದು, ಎಣ್ಣೆ ಒರೆಸಿ, ಪುಡಿ ತಿಕ್ಕಿ ತಿಕ್ಕಿ ಹತ್ತಿಸಿದ್ದ. ದವಾಖಾನೆಯಿಂದ ಬಂದ ಗೂಳಪ್ಪ ಕುತ್ತಿಗೆಗೆ ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದ. ಎಲುಬು ಎರಡು ಕಡೆ ಹೋಗಿದೆ, ಧಾರವಾಡಕ್ಕೆ ಹೋಗಿ ಪ್ಲೇಟು ಹಾಕಿಸಬೇಕು ಎಂದು ಹೇಳಿ ಕಳಿಸಿದ್ದರು.

“ನೋಡ್ರಿ ಅಳಿಯಂದ್ರ,” ಎಂದ ದುರ್ಗಪ್ಪ. “ಮದಲಿನಂಗ ಆತು. ತಿರುವಿ ನೋಡ್ರಿ.”

ಶಿವಯೋಗಿ ತಿರುವಿ ನೋಡಿದ. ಬೆಣ್ಣೆಯಂತೆ ತಿರುಗಿತು.

“ಇದು ಇಲ್ಲಿ ತಿರಗತೈತಿ ಮಾವ,” ಎಂದು ಕಿವಿಯ ಹತ್ತಿರ ಹೇಳಿದ. “ಇಲ್ಲಿ ಗಾಳಿಯೊಳಗ ನೀರಿನ ಪಸಿ ಐತಿ, ಅದಕ್ಕ ಗ್ರಾಫೈಟ್ ಜಾರತೈತಿ. ಮ್ಯಾಲ ಪಸಿ ಇಲ್ಲ. ಅಲ್ಲಿ ಇದ ಪುಡಿ ಉಸುಕಿನಂಗ ಆಗಿ ಪಿನ್ ಕಡೀತೈತಿ.”

“ಮ್ಯಾಲ ಹೋಗಿ ಯಾರ ನೋಡತಾರ?” ಎಂದ ಗೂಳಪ್ಪ. “ಬೆಂಗಳೂರಾಗ ಏನ ಮಾಡತಾರ? ಲೇಪಾ ಹಚ್ಚಿದ ಸ್ಯಾಂಪಲ್ ಪಿನ್ ಅಲ್ಲಿ ಆಗಳೇ ಪಾಸ್ ಆಗೇತಿ. ಇವನ್ನ ತಿರುವಿ ನೋಡಿ ಸಹಿ ಹಾಕತಾರ ಅಂತ ನೀನ ಹೇಳಿದ್ದಿಲ್ಲ?”

“ಹೇಳಿದ್ದೆ.”

“ಹಂಗಾರ ಕಳಸು. ನನ್ನ ಕೈ ಹೋತು, ಇನ್ನ ಕೆಲಸಾನೂ ಹೋಗಬೇಕ? ಯಾರ ಕೈಲೆ ಹೋತೋ ಕೈ? ನೀ ನನಗ ಇಷ್ಟ ಮಾಡಾಕ ಬೇಕ.”

ಅದರಲ್ಲಿ ನ್ಯಾಯವಿತ್ತು. ಶಿವಯೋಗಿ ಕೀಲುಗಳನ್ನು ಒಂದೊಂದೇ ಎತ್ತಿ ಪೆಟ್ಟಿಗೆಗೆ ಹಾಕಿಕೊಂಡ. ದುರ್ಗಪ್ಪನ ಮುಖ ಅರಳಿತು. ಆದರೆ ಶಿವಯೋಗಿ ಹೋದದ್ದು ಪಾರ್ಸೆಲ್ಲಿನ ಕಡೆಗಲ್ಲ, ಬೇರಿಂಗು ಒತ್ತುವ ಪ್ರೆಸ್ಸಿನ ಕಡೆಗೆ. ಮೊದಲ ಕೀಲನ್ನು ಅಡಿಯಲ್ಲಿಟ್ಟು ಹಿಡಿಕೆ ಒತ್ತತೊಡಗಿದ.

ಗೂಳಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅಷ್ಟರಲ್ಲಿ ಕೀಲಿನ ಮೈ ಕರ್ ಎಂದು ಸೀಳಿತು.

“ನನ್ನ ಕೆಲಸಾ ಅದು! ನಾ ಕಡದದ್ದು!”

ಎಡಗೈ ಮುಷ್ಟಿ ಶಿವಯೋಗಿಯ ಕಿವಿಯ ಮೇಲೆ ಬಿತ್ತು. ಅವನು ವಾಲಿದ, ಹಿಡಿಕೆ ಬಿಡಲಿಲ್ಲ. ಎರಡನೆಯ ಕೀಲು ಇಟ್ಟ. ಗೂಳಪ್ಪ ಪಕ್ಕೆಗೆ ಒದ್ದ. ಒಳಗೆ ಏನೋ ಮುರಿದದ್ದು ಶಿವಯೋಗಿಗೆ ಗೊತ್ತಾಯಿತು, ಉಸಿರು ಸಿಕ್ಕಿಕೊಂಡಿತು. ಈ ಸಲ ಅವನು ಕೈ ಎತ್ತಲಿಲ್ಲ. ಎರಡೂ ಕೈ ಹಿಡಿಕೆಯ ಮೇಲೆಯೇ ಇದ್ದವು. ಮೂರನೆಯದು ಒಡೆಯಿತು, ನಾಲ್ಕನೆಯದು ಒಡೆಯಿತು. ಒಂದೊಂದು ಒಡೆದ ಸದ್ದಿಗೂ ಗೂಳಪ್ಪ ಒಂದೊಂದು ಹೊಡೆಯುತ್ತಿದ್ದ, ಹೊಡೆಯುತ್ತ ತಾನೇ ಅಳುತ್ತಿದ್ದ. ದುರ್ಗಪ್ಪ ಮಗನ ಸೊಂಟ ಹಿಡಿದು ಎಳೆಯಲು ಹೋಗಿ ಬೆಂಚಿಗೆ ಬಿದ್ದ.

ಐದನೆಯ ಕೀಲಿಗೆ ಶಿವಯೋಗಿಯ ಕಾಲು ಸೋತವು. ಪ್ರೆಸ್ಸಿನ ಕಂಬ ಹಿಡಿದು ಜಾರಿ, ಬಾಯಿಂದ ಕೆಂಪು ನೊರೆ ಉಗುಳುತ್ತ ಕೂತ.

ಅಲ್ಲಿಯವರೆಗೂ ಬಾಗಿಲಲ್ಲಿ ನಿಂತಿದ್ದ ನಿರ್ಮಲಾ ಬಂದು ಗಂಡನನ್ನು ದಾಟಿ ನಿಂತು ಹಿಡಿಕೆ ಹಿಡಿದಳು.

“ಅಕ್ಕಾ, ಆ ಕಡೆ ಸರಿ.”

“ಹೊಡೀತಿ ಏನ? ಹೊಡಿ.”

“ಅಕ್ಕಾ, ನಾ ಏನ ತಪ್ಪ ಮಾಡೇನಿ ಹೇಳ.”

“ನೀ ಏನೂ ಮಾಡಿಲ್ಲೋ ತಮ್ಮಾ,” ಎಂದಳು. “ನಿನಗ ಅನ್ಯಾಯ ಆಗೇತಿ. ಅದಕ್ಕ ಇದು ಪರಿಹಾರ ಅಲ್ಲ.”

ಗೂಳಪ್ಪನ ಎತ್ತಿದ ಎಡಗೈ ಅಲ್ಲೇ ನಿಂತಿತು, ಆಮೇಲೆ ಇಳಿಯಿತು. ನಿರ್ಮಲಾ ಉಳಿದ ಕೀಲುಗಳನ್ನು ಒಂದಾದ ಮೇಲೊಂದು ಒತ್ತಿದಳು. ಅವಳ ತೋಳಿನಲ್ಲಿ ಅಷ್ಟು ಶಕ್ತಿ ಇರಲಿಲ್ಲ. ಕೊನೆಯದಕ್ಕೆ ಹಿಡಿಕೆಯ ಮೇಲೆ ಮೈಯೆಲ್ಲ ಹಾಕಿ ಜೋತುಬಿದ್ದಳು. ಅದೂ ಒಡೆಯಿತು.

ಎರಡು ದಿನದ ಮೇಲೆ ಶಿವಯೋಗಿ ಬೆಂಗಳೂರಿನವರಿಗೆ ನಡೆದದ್ದನ್ನು ಇದ್ದ ಹಾಗೆ ಹೇಳಿದ. ಅವರು ಪೂರ್ತಿ ಕೇಳಿಸಿಕೊಂಡು, ಹೇಳಿದ್ದಕ್ಕೆ ಥ್ಯಾಂಕ್ಸ್ ಅಂದರು. ಮತ್ತೆ ಕೆಲಸ ಕೊಡಲಿಲ್ಲ.

ಗೂಳಪ್ಪನ ಬಲಗೈಗೆ ಧಾರವಾಡದಲ್ಲಿ ಪ್ಲೇಟು ಹಾಕಿದರು. ಲಾರಿಯ ಗಾಲಿ ಬಿಚ್ಚುವಷ್ಟು ಕೈ ಬಂತು. ಕೂದಲಷ್ಟೂ ತಪ್ಪದೆ ಕಡೆಯುವ ಕೈ ಬರಲಿಲ್ಲ. ಶಿವಯೋಗಿ ಎರಡು ಹಲ್ಲು ಕಳೆದುಕೊಂಡ, ಮಾವನ ಮನೆಯನ್ನೂ ಕಳೆದುಕೊಂಡ. ಅವನೂ ನಿರ್ಮಲಾಳೂ ಈಗ ಹಳಿಯಾಳದಲ್ಲಿ ಬಾಡಿಗೆಗೆ ಇದ್ದಾರೆ. ಅವನು ಟ್ರ್ಯಾಕ್ಟರ್ ಗ್ಯಾರೇಜೊಂದರಲ್ಲಿ ದಿನಗೂಲಿ. ಗೂಳಪ್ಪ ಅವರ ಮನೆಗೆ ಹೋಗುವುದಿಲ್ಲ. ದುರ್ಗಪ್ಪ ಹೋಗುತ್ತಾನೆ, ಕೂತು ಚಹಾ ಕುಡಿದು ಬರುತ್ತಾನೆ. ಗಳಿಸಿದ್ದು ಇಷ್ಟೇ: ಆ ಎಂಟರಲ್ಲಿ ಒಂದು ಕೀಲೂ ಮೇಲೆ ಹೋಗಲಿಲ್ಲ.